ಕ್ಯಾಸೆಟ್ಟಿನ ಕೊನೆಯ ಅಜ್ಜಿ

ಮೃತ್ಯುಂಜಯನ ಹೆಸರಿನಿಂದ ‘ಜಯ’ವನ್ನು ಕತ್ತರಿಸಿ ಎಸೆದವನು ಸುಂದರೇಶ. ರಾಕ್ ಸಂಗೀತ ಕೇಳುವ ಹುಡುಗನಿಗೆ ಅಷ್ಟುದ್ದದ ಮಠದ ಹೆಸರು ಒಪ್ಪುವುದಿಲ್ಲ ಎಂಬುದು ಅವನ ತೀರ್ಪು. ಉಳಿದದ್ದು ‘ಮೃತ್ಯು’. ಕರಿ ಟೀ ಶರ್ಟು ಹಾಕಿಕೊಂಡು, ಕೂದಲನ್ನು ಕಿವಿ ಮುಚ್ಚುವಷ್ಟು ಬಿಟ್ಟುಕೊಂಡು, ಕನ್ನಡಿಯ ಮುಂದೆ ಹುಬ್ಬು ಗಂಟಿಕ್ಕುವುದನ್ನು ಅಭ್ಯಾಸ ಮಾಡುತ್ತಿದ್ದವನಿಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕೇ? ಅವನು ಉಬ್ಬಿಹೋದ. ಯಾರೋ ಗೆಳೆಯ ಬಾಗಿಲಲ್ಲಿ ನಿಂತು “ಮೃತ್ಯು ಇದಾನಾ?” ಎಂದು ಕೇಳಿದ ದಿನ ಅವನ ತಾಯಿ ಪಾರ್ವತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದರು.

“ಮೃತ್ಯುನ ಗೆದ್ದೋನು ಅಂತ ನಿಮ್ಮ ತಾತ ಹೆಸರಿಟ್ರೆ, ಗೆದ್ದಿದ್ದನ್ನ ಬುಟ್ಟು ಮೃತ್ಯುನೇ ಇಟ್ಕೊಂಡಿದ್ದೀಯಲ್ಲೋ,” ಅಂದಿದ್ದರು.

ಇದು ತೊಂಬತ್ತಾರನೇ ಇಸವಿಯ ಮಾತು. ಮೃತ್ಯುಂಜಯ ಆಗ ಬಿ.ಕಾಂ. ಕೊನೆಯ ವರ್ಷ. ಅವನ ತಂದೆ ಶಿವಲಿಂಗಯ್ಯನವರದು ದೇವರಾಜ ಮೊಹಲ್ಲಾದಲ್ಲಿ ವಿಭೂತಿ, ಕರ್ಪೂರ, ಊದುಬತ್ತಿಯ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಹಾಗಾಗಿ ಅವನು ಎಷ್ಟೇ ಕರಿ ಬಟ್ಟೆ ತೊಟ್ಟರೂ ಕರ್ಪೂರದ ವಾಸನೆ ಅವನಿಗಿಂತ ಮೊದಲು ಗೆಳೆಯರ ಮನೆಯೊಳಕ್ಕೆ ಕಾಲಿಡುತ್ತಿತ್ತು. “ಮೃತ್ಯು ಬಂದ, ಮಂಗಳಾರತಿ ತಗೊಳ್ರೋ,” ಎಂದು ಸುಂದರೇಶ ಕೈ ಚಾಚುತ್ತಿದ್ದ. ಎಲ್ಲರೂ ನಗುತ್ತಿದ್ದರು, ಮೃತ್ಯುಂಜಯನೂ ನಗುತ್ತಿದ್ದ. ಒಳಗೊಳಗೇ ಮಾತ್ರ ಮುದುಡಿಹೋಗುತ್ತಿದ್ದ. ಆ ವಯಸ್ಸಿನಲ್ಲಿ ಅವನಿಗೆ ನಾಚಿಕೆಯಾಗದ ವಸ್ತುವೇ ಮನೆಯಲ್ಲಿ ಇರಲಿಲ್ಲ ಎನ್ನಬೇಕು.

ಸಭೆ ಸೇರುತ್ತಿದ್ದದ್ದು ಭಾನುವಾರ, ಕೃಷ್ಣಮೂರ್ತಿಪುರಂನಲ್ಲಿದ್ದ ಪವಮಾನನ ಮನೆಯ ಮಹಡಿಯ ಕೋಣೆಯಲ್ಲಿ. ಪವಮಾನನ ಮುತ್ತಜ್ಜ ಅರಮನೆಯ ಕಚೇರಿಯಲ್ಲಿದ್ದವರು, ತಂದೆ ರಾಮಸ್ವಾಮಿಯವರು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವರು. ಸೋದರಮಾವ ದುಬೈಯಿಂದ ತಂದುಕೊಟ್ಟ, ಎರಡು ಕ್ಯಾಸೆಟ್ಟು ಹಿಡಿಸುವ ಸ್ಟೀರಿಯೋ ಆ ಕೋಣೆಯಲ್ಲಿ ದೇವರಂತೆ ಕೂತಿತ್ತು. ಪವಮಾನ, ಸುಂದರೇಶ, ಮೃತ್ಯುಂಜಯ, ಈ ಮೂವರು ನೆಲದ ಮೇಲೆ. ಪವಮಾನನ ತಂಗಿ ಗಾರ್ಗಿ ಬಾಗಿಲ ಹತ್ತಿರ, ಗೋಡೆಗೆ ಒರಗಿಕೊಂಡು. ಅವಳು ವೀಣೆ ಕಲಿಯುತ್ತಿದ್ದಳು. ಇವರ ಗದ್ದಲದ ಹಾಡುಗಳಲ್ಲಿಯೂ ಕೇಳಬೇಕಾದ್ದು ಯಾವುದು, ಬಿಡಬೇಕಾದ್ದು ಯಾವುದು ಎಂದು ಅವಳಿಗೆ ಗೊತ್ತಿತ್ತು. ಅವಳು “ಇದು ಚೆನ್ನಾಗಿದೆ” ಎಂದರೆ ಅದು ಚೆನ್ನಾಗಿರುತ್ತಿತ್ತು. ಆ ಮಾತನ್ನು ಒಮ್ಮೆ ತನ್ನ ಪಾಲಿಗೆ ಪಡೆಯಬೇಕೆಂದು ಮೃತ್ಯುಂಜಯ ಎಷ್ಟು ಆಸೆಪಟ್ಟಿದ್ದನೋ ದೇವರಿಗೇ ಗೊತ್ತು.

ಸಭೆಗೊಂದು ಕಟ್ಟಳೆ ಇತ್ತು. ಒಬ್ಬೊಬ್ಬರೂ ತಮ್ಮ ಮೆಚ್ಚಿನ ಒಂದು ಹಾಡು ಹಾಕಬೇಕು. ಹಾಕಿ, ತಾವು ಕಣ್ಣಾರೆ ಕಂಡ ಒಂದು ಲೈವ್ ಶೋ ಬಗ್ಗೆ ಹೇಳಬೇಕು. ಪವಮಾನ ಬೆಂಗಳೂರಿನ ಅರಮನೆ ಮೈದಾನದಲ್ಲಿ ವಿದೇಶಿ ಬ್ಯಾಂಡೊಂದನ್ನು ನೋಡಿ ಬಂದಿದ್ದ. ಡ್ರಮ್ಮಿನ ಪೆಟ್ಟಿಗೆ ಎದೆಗೂಡು ಅದುರಿದ್ದು, ನೂಕುನುಗ್ಗಲಲ್ಲಿ ಒಂದು ಶೂ ಕಳೆದುಹೋಗಿದ್ದು, ಬರಿಗಾಲಲ್ಲಿ ಮೆಜೆಸ್ಟಿಕ್‌ವರೆಗೆ ನಡೆದದ್ದು. ವಾರದಿಂದ ವಾರಕ್ಕೆ ಆ ಕತೆಯಲ್ಲಿ ಜನ ಹೆಚ್ಚಾಗುತ್ತಿದ್ದರು. ಸುಂದರೇಶ ಯಾವುದೋ ಹೋಟೆಲಿನ ಕಾಂಪೌಂಡ್ ಗೋಡೆ ಹತ್ತಿ ಒಂದು ಶೋ ನೋಡಿದ್ದ, ಅದನ್ನು ಸಭೆ ಅರ್ಧ ಶೋ ಎಂದು ಒಪ್ಪಿಕೊಂಡಿತ್ತು. ಮೃತ್ಯುಂಜಯನ ಸರದಿ ಬಂದಾಗ ಹೇಳಲು ಏನೂ ಇರುತ್ತಿರಲಿಲ್ಲ. ಮೈಕಿನ ಮುಂದೆ ಯಾರಾದರೂ ಹಾಡಿದ್ದನ್ನು ಅವನು ಹತ್ತಿರದಿಂದ ನೋಡಿದ್ದು ಒಂದೇ ಸಲ. ಹಾಡಿದವರು ಅವನ ತಾಯಿ. ಅದನ್ನು ಈ ಸಭೆಯಲ್ಲಿ ಹೇಳುವುದುಂಟೇ?

ಆ ಹಾಡಿನ ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು. ಎರಡು ಮೂರು ವರ್ಷದ ಹಿಂದೆ ಕಾರ್ತಿಕದ ದೀಪೋತ್ಸವಕ್ಕೆ ಮಠದಲ್ಲಿ ಭಜನೆ ಏರ್ಪಾಡಾಗಿತ್ತು. ಪಾರ್ವತಮ್ಮ ಹಾಡಿದ್ದು ಅವರ ತಾಯಿ ನಂಜನಗೂಡು ಕಡೆಯ ಹಳ್ಳಿಯಲ್ಲಿ ದೀಪ ಹಚ್ಚುವಾಗ ಹೇಳಿಕೊಳ್ಳುತ್ತಿದ್ದ ಹಾಡು. ‘ಬತ್ತಿ ಎಣ್ಣೆ ನನ್ನದಯ್ಯಾ, ಉರಿವ ಬೆಳಕು ನಿನ್ನದಯ್ಯಾ.’ ಕೊನೆಯಲ್ಲಿ ‘ಶಿವನೇ’ ಎಂದು ಬರುವ ಕಡೆ ದನಿ ಮೇಲಕ್ಕೇರದೆ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಅಲ್ಲಿಗೆ ಬಂದಾಗ ಮಾತಾಡುತ್ತಿದ್ದ ಹೆಂಗಸರೂ ಸುಮ್ಮನಾಗಿದ್ದರು. ಮೈಕ್‌ಸೆಟ್ಟಿನ ಚಿಕ್ಕಣ್ಣ ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಿದ್ದ. ಮಾರನೆಯ ದಿನ ಕ್ಯಾಸೆಟ್ಟು ತಂದು, ಅದರ ಬೆನ್ನಿನ ಮೇಲಿದ್ದ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಪಾರ್ವತಮ್ಮನ ಎದುರೇ ಮೊಳೆಯಿಂದ ಮುರಿದುಹಾಕಿದ. “ಇನ್ನು ಇದರ ಮೇಲೆ ಯಾರೂ ಏನೂ ತುಂಬಕ್ಕಾಗಲ್ಲ ಕಣಮ್ಮ. ನಿಮ್ಮ ಹಾಡು ಭದ್ರ,” ಅಂದ.

ಮರುವರ್ಷ ಪಾರ್ವತಮ್ಮನ ಕತ್ತಿನಲ್ಲಿ ಗಂಟು ಕಾಣಿಸಿತು. ಆಪರೇಷನ್ ಆಯಿತು. ಗಂಟು ಹೋಯಿತು, ಜೀವ ಉಳಿಯಿತು. ಡಾಕ್ಟರು ಮೊದಲೇ ಹೇಳಿದ್ದಂತೆ ದನಿ ಮಾತ್ರ ಒಡೆದುಹೋಯಿತು. ಆಮೇಲೆ ಅವರು ಮಾತಾಡಿದರೆ ನೆಗಡಿಯಾದವರು ಪಿಸುಗುಟ್ಟಿದಂತೆ ಕೇಳಿಸುತ್ತಿತ್ತು. ಭಜನೆಗೆ ಹೋಗುವುದನ್ನು ಬಿಡಲಿಲ್ಲ, ಹಿಂದೆ ಕೂತು ತಾಳ ಹಾಕಿ ಬರುತ್ತಿದ್ದರು. ಮನೆಯಲ್ಲಿ ಯಾರೂ ಇಲ್ಲದಾಗ ಅಡುಗೆಮನೆಯ ಟೇಪ್ ರೆಕಾರ್ಡರಿನಲ್ಲಿ ಆ ಕ್ಯಾಸೆಟ್ಟು ಹಾಕಿಕೊಂಡು ಅವರೆಕಾಳು ಸುಲಿಯುತ್ತಿದ್ದರು. ಒಂದೆರಡು ಸಲ ಮೃತ್ಯುಂಜಯ ಅನಿರೀಕ್ಷಿತವಾಗಿ ಒಳಬಂದಾಗ ಕಂಡಿದ್ದ. ಟೇಪಿನಲ್ಲಿ ಹಾಡು, ಎದುರಿಗೆ ತುಟಿ ಅಲುಗಿಸುತ್ತಾ ಕೂತ ತಾಯಿ. ಮಗನನ್ನು ನೋಡಿ ಅವರು ಕಳ್ಳತನ ಮಾಡಿ ಸಿಕ್ಕಿಬಿದ್ದವರಂತೆ ಬಟನ್ನು ಒತ್ತಿ ನಿಲ್ಲಿಸಿಬಿಡುತ್ತಿದ್ದರು.

ಆ ವರ್ಷ ಫೆಬ್ರುವರಿಯಲ್ಲಿ ಮೃತ್ಯುಂಜಯನ ಅದೃಷ್ಟ ಖುಲಾಯಿಸಿತು. ‘ರಸ್ಟೆಡ್ ಸೈರನ್’ ಎಂಬ ಬೆಂಗಳೂರಿನ ಬ್ಯಾಂಡು ಮೈಸೂರಿನ ಎಂಜಿನಿಯರಿಂಗ್ ಕಾಲೇಜೊಂದರ ಮೈದಾನಕ್ಕೆ ಬರುತ್ತದೆ ಎಂದು ಪೋಸ್ಟರು ಬಿತ್ತು. ಇವನು ನೋಡುವುದಷ್ಟೇ ಅಲ್ಲ, ರೆಕಾರ್ಡ್ ಮಾಡಿ ಸಭೆಯ ಬಾಯಿ ಮುಚ್ಚಿಸಬೇಕೆಂದು ನಿಶ್ಚಯಿಸಿದ. ಹೊಸ ಖಾಲಿ ಕ್ಯಾಸೆಟ್ಟು ತಂದ. ಅಡುಗೆಮನೆಯ ಟೇಪ್ ರೆಕಾರ್ಡರನ್ನು ಅಂಗಡಿಯ ಬಟ್ಟೆಚೀಲದಲ್ಲಿ ಹಾಕಿಕೊಂಡ. ಚೀಲದ ಮೇಲೆ ಶಿವಲಿಂಗದ ಚಿತ್ರ ಅಚ್ಚಾಗಿತ್ತು, ಅದು ಕಾಣದಿರಲೆಂದು ಚೀಲವನ್ನು ಮೊದಲೇ ಒಳಹೊರಗು ತಿರುವಿದ್ದ. ಟೇಪ್ ರೆಕಾರ್ಡರಿನ ಹೊಟ್ಟೆಯಲ್ಲಿ ತಾಯಿಯ ಕ್ಯಾಸೆಟ್ಟು ಇತ್ತು. ತೆಗೆದು ಚೀಲದ ತಳಕ್ಕೆ ಹಾಕಿದ.

ಸಂಜೆಯ ಬಿಸಿಲಿಳಿದ ಮೇಲೆ ಶುರುವಾದದ್ದು ಶೋ ಎನ್ನಬೇಕೋ, ಬಿರುಗಾಳಿ ಎನ್ನಬೇಕೋ. ಪವಮಾನ, ಸುಂದರೇಶರೂ ಬಂದಿದ್ದರು, ಜಂಗುಳಿಯಲ್ಲಿ ಎಲ್ಲೋ ಚದುರಿಹೋದರು. ಮೃತ್ಯುಂಜಯ ಚೀಲವನ್ನು ಎದೆಗವಚಿಕೊಂಡು ಸ್ಪೀಕರಿನ ಮುಂದೆ ನಿಂತ. ಪವಮಾನ ಹೇಳಿದ್ದು ಸುಳ್ಳಲ್ಲ, ಎದೆಗೂಡು ನಿಜವಾಗಿಯೂ ಅದುರುತ್ತಿತ್ತು. ಗುರುತಿಲ್ಲದವರು ಹೆಗಲ ಮೇಲೆ ಕೈಹಾಕಿ ಕುಣಿದರು. ಜೀವನದಲ್ಲಿ ಮೊದಲ ಸಲ ಅವನಿಗೆ ತನ್ನ ಮೈಯ ಕರ್ಪೂರದ ವಾಸನೆ ಮರೆತುಹೋಯಿತು. ಮಧ್ಯೆ ಕರೆಂಟು ಹೋಗಿ ಗಿಟಾರುಗಳೆಲ್ಲ ಮೂಕವಾದಾಗ ಡ್ರಮ್ಮಿನವನೊಬ್ಬನೇ ಕತ್ತಲಲ್ಲಿ ಬಾರಿಸುತ್ತಾ ಮೈದಾನವನ್ನು ಹಿಡಿದಿಟ್ಟ. ಕರೆಂಟು ಬಂದಾಗ ಎದ್ದ ಕೂಗು ಬೆಟ್ಟದ ಮೇಲಿನ ದೇವಿಗೂ ಕೇಳಿಸಿರಬೇಕು.

ಆಮೇಲೆ ಹಾಡುಗಾರ ಕೊನೆಯ ಹಾಡು ಎಂದು ಸಾರಿದ. ಅದೇ ಹೊತ್ತಿಗೆ ಖಾಲಿ ಕ್ಯಾಸೆಟ್ಟು ತುಂಬಿ ಟಕ್ಕೆಂದು ನಿಂತಿತು. ಎಲ್ಲರೂ ಕಾದಿದ್ದ ಹಾಡು ಅದು, ಉದ್ದಕ್ಕೂ ಗಿಟಾರು ಒಂದೇ ಮೊರೆಯುವ ಹಾಡು. ಮೃತ್ಯುಂಜಯನ ಕೈ ಚೀಲದ ತಳಕ್ಕೆ ಹೋಯಿತು. ತಾಯಿಯ ಕ್ಯಾಸೆಟ್ಟನ್ನು ಹಾಕಿ, ಕೊನೆಯಲ್ಲಿ ಹೇಗೂ ಖಾಲಿ ಇರುತ್ತದೆ ಎಂದುಕೊಂಡು ಅಂದಾಜಿಗೆ ಮುಂದಕ್ಕೋಡಿಸಿ, ರೆಕಾರ್ಡ್ ಬಟನ್ನು ಒತ್ತಿದ. ಅದು ಇಳಿಯಲಿಲ್ಲ. ಚಿಕ್ಕಣ್ಣನ ಕಾವಲು ಅದು. ಬೇಡ ಎಂದು ಆ ಯಂತ್ರ ತನ್ನ ಭಾಷೆಯಲ್ಲಿ ಹೇಳಿತ್ತು. ಇವನು ಕೇಳಬೇಕಲ್ಲ? ಜೇಬಿನಿಂದ ಶೋದ ಹರಿದ ಟಿಕೆಟ್ಟು ತೆಗೆದು, ನಾಲ್ಕಾರು ಮಡಿಕೆ ಮಾಡಿ, ಪ್ಲಾಸ್ಟಿಕ್ ಮುರಿದಲ್ಲಿ ಉಳಿದಿದ್ದ ತೂತಿಗೆ ತುರುಕಿದ. ಬಟನ್ನು ಇಳಿಯಿತು. ಒಂದೇ ಹಾಡು ತಾನೇ ಎಂದುಕೊಂಡು ಮೃತ್ಯುಂಜಯ ಚೀಲವನ್ನು ತಲೆಯ ಮೇಲೆ ಹಿಡಿದು ಕೂಗಿದ.

ಮಾರನೆಯ ದಿನ ಭಾನುವಾರ. ಮನೆಯಲ್ಲಿ ಹಾಕಿ ನೋಡುವಷ್ಟು ತಾಳ್ಮೆ ಅವನಿಗಿರಲಿಲ್ಲ. ಚಿಕ್ಕಣ್ಣ ಅಂಟಿಸಿದ್ದ ಚೀಟಿಯನ್ನು ಕಿತ್ತು ಬಿಸಾಡಿ, ಎರಡೂ ಕ್ಯಾಸೆಟ್ಟುಗಳನ್ನು ಪವಮಾನನ ಮನೆಗೆ ಒಯ್ದ. ಅವತ್ತಿನ ಸಭೆ ಪೂರ್ತಿ ಅವನದು. ಗಿಟಾರಿನ ಕೊನೆಯ ಹಾಡಂತೂ ಬಂದು ನಿಂತಿತು, ಬೆರಳುಗಳ ಸದ್ದು ಕೂಡ ಕೇಳುವಂತೆ. ಪವಮಾನ ಕಣ್ಣು ಮುಚ್ಚಿಕೊಂಡ. ಗಾರ್ಗಿ “ಇದು ಚೆನ್ನಾಗಿದೆ” ಅಂದಳು. ಮೃತ್ಯುಂಜಯನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಹಾಡು ಮುಗಿಯಿತು. ಜನರ ಕೂಗು, ಶಿಳ್ಳೆ. ಬಟನ್ನಿನ ಟಕ್ ಸದ್ದು. ಅದರ ಬೆನ್ನಿಗೇ, ಅಷ್ಟು ಹೊತ್ತಿನ ಗದ್ದಲದ ಮೇಲೆ ನೀರು ಚಿಮುಕಿಸಿದ ಹಾಗೆ ಒಂದು ಹೆಣ್ಣುದನಿ ಬಂತು. ‘ಉರಿವ ಬೆಳಕು ನಿನ್ನದಯ್ಯಾ... ಶಿವನೇ... ನಿನ್ನದಯ್ಯಾ.’ ಅಷ್ಟೇ. ಟೇಪು ಮುಗಿಯಿತು.

ಮೃತ್ಯುಂಜಯ ಖಾಲಿ ಎಂದುಕೊಂಡದ್ದು ಖಾಲಿಯಾಗಿರಲಿಲ್ಲ. ದೀಪದ ಹಾಡು ಪೂರ್ತಿ ಹೋಗಿ ಬಾಲದ ತುಂಡೊಂದು ಉಳಿದಿತ್ತು. ಅದಕ್ಕೂ ಮೊದಲು, ಮತ್ತೆ ಇನ್ನೊಂದು ಕಡೆ ಇದ್ದದ್ದೆಲ್ಲ ಬೇರೆ ಹೆಂಗಸರ ಹಾಡುಗಳು. ತಾಯಿಯ ದನಿ ಎಂದು ಲೋಕದಲ್ಲಿ ಇನ್ನು ಇದ್ದದ್ದು ಅಷ್ಟೇ.

ಸುಂದರೇಶ ಆಗಲೇ ಹೊಟ್ಟೆ ಹಿಡಿದುಕೊಂಡು ಉರುಳಾಡುತ್ತಿದ್ದ. “ಲೋ, ಯಾರೋ ಇದು? ಅಷ್ಟು ಹೆವಿ ಹಾಡು ಮುಗೀತಿದ್ದಂಗೆ ಅಜ್ಜಿ ಎಂಟ್ರಿ!”

“ನಗಬೇಡ್ರೋ,” ಗಾರ್ಗಿ ಅಂದಳು. “ಎಷ್ಟು ಚೆನ್ನಾಗಿ ಹಾಡಿದಾರೆ. ಯಾರು ಇವರು, ಮೃತ್ಯುಂಜಯ?”

ಇದಕ್ಕಿಂತ ಸುಲಭವಾದ ಪ್ರಶ್ನೆಯನ್ನು ಯಾರೂ ಯಾರಿಗೂ ಕೇಳಲಾರರು. ಅವನು ಯಾರ ಮೆಚ್ಚುಗೆಗೆ ಕಾದಿದ್ದನೋ ಅವಳೇ ಮೆಚ್ಚಿ, ಹೆಸರು ಹಿಡಿದು ಕೇಳಿದ್ದಳು. “ನಮ್ಮಮ್ಮ” ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಸುಂದರೇಶ ಇನ್ನೂ ನಗುತ್ತಿದ್ದ. ಮಠ, ಭಜನೆ, ಕರ್ಪೂರ, ಮಂಗಳಾರತಿ ಎಲ್ಲವೂ ಮತ್ತೆ ಮೈಮೇಲೆ ಬಂದಂತಾಯಿತು.

“ಗೊತ್ತಿಲ್ಲ ಕಣ್ರೋ,” ಅಂದ ಮೃತ್ಯುಂಜಯ. “ಸಂತೇಪೇಟೆ ಫುಟ್‌ಪಾತಲ್ಲಿ ತಗೊಂಡ ಹಳೇ ಕ್ಯಾಸೆಟ್ಟು. ಯಾವ್ದೋ ಅಜ್ಜಿ.”

ಮಾತು ಬಾಯಿಂದ ಬಿದ್ದ ಕೂಡಲೇ ಅವನಿಗೆ ಅಸಹ್ಯವಾಯಿತು. ಆದರೆ ಅಸಹ್ಯ ಪಟ್ಟುಕೊಂಡು ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಹಗುರವಾದ ಕೆಲಸ ಎಂದು ಆ ದಿನವೇ ಅವನು ಕಲಿತ.

ಆ ಕ್ಯಾಸೆಟ್ಟು ಊರು ಸುತ್ತಿತು. ಸುಂದರೇಶ ಅದನ್ನು ತನ್ನ ಬಳಿ ಇಟ್ಟುಕೊಂಡು ಕೇಳಿದವರಿಗೆಲ್ಲ ಕಾಪಿ ಮಾಡಿಕೊಟ್ಟ. ಹಾಸ್ಟೆಲುಗಳಿಗೆ ಹೋಯಿತು, ಮಂಡ್ಯ ಹಾಸನದ ಹುಡುಗರ ಕೈಗೂ ಹೋಯಿತು. ಹೋದಲ್ಲೆಲ್ಲ ಬಾಲವೂ ಹೋಯಿತು. ಭಾನುವಾರದ ಸಭೆಗಂತೂ ಅದು ಮಂಗಳವಾಯಿತು. ಎಲ್ಲ ಹಾಡು ಮುಗಿದ ಮೇಲೆ ಸುಂದರೇಶ ಎದ್ದು ನಿಂತು, ರಾಕ್ ಹಾಡುಗಾರರ ಹಾಗೆ ತೋರುಬೆರಳು ಕಿರುಬೆರಳು ಮೇಲೆತ್ತಿ, “ಉರಿವ ಬೆಳಕು ನಿನ್ನದಯ್ಯಾ” ಎಂದು ಗುಡುಗಿ, ‘ಶಿವನೇ’ ಬಂದಾಗ ಗಂಟಲು ಹರಿಯುವಂತೆ ಕಿರುಚುತ್ತಿದ್ದ. ಉಳಿದವರು ಕೈ ಎತ್ತಿ “ನಿನ್ನದಯ್ಯಾ!” ಎನ್ನುತ್ತಿದ್ದರು. ಮೃತ್ಯುಂಜಯನ ಕೈ ಎಲ್ಲರಿಗಿಂತ ಎತ್ತರಕ್ಕೆ ಏಳುತ್ತಿತ್ತು. ಕಳ್ಳನಿಗೆ ಉತ್ಸಾಹ ಹೆಚ್ಚು.

ಮನೆಯಲ್ಲಿ ಪಾರ್ವತಮ್ಮ ಒಂದು ವಾರ ಹುಡುಕಿದರು. ಡಬ್ಬಗಳ ಹಿಂದೆ, ಮಂಚದ ಕೆಳಗೆ. ಕೊನೆಗೆ ಮಗನನ್ನು ಕೇಳಿದರು.

“ಅದಾ? ಟೇಪು ಒಳಗೆ ಸಿಕ್ಕಾಕ್ಕೊಂಡು ಕಿತ್ತೋಯ್ತಮ್ಮ. ಬಿಸಾಕ್ದೆ,” ಅಂದ.

ಪಾರ್ವತಮ್ಮ ಟೇಪ್ ರೆಕಾರ್ಡರಿನ ಕಡೆ ತಿರುಗಿದರು. “ಹೋಗ್ಲಿ ಬುಡು. ಹಳೇ ಮಿಷನ್ನು, ಅದೇನ್ ಮಾಡುತ್ತೆ,” ಎಂದು ಅದರ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ವರ್ಷಗಳು ಸರಿದವು. ಮೃತ್ಯುಂಜಯನ ಕಿವಿ ಮುಚ್ಚುತ್ತಿದ್ದ ಕೂದಲು ನೆತ್ತಿಯಿಂದಲೇ ಜಾರತೊಡಗಿತು. ಅವನು ತಂದೆಯ ಅಂಗಡಿಯ ಗಲ್ಲಾದ ಮುಂದೆ ಕೂತ, ಹಣೆಗೆ ತಾನೇ ವಿಭೂತಿ ಧರಿಸಿದ. ಪವಮಾನ ತಂದೆಯಂತೆ ಮೇಷ್ಟರಾದ, ಗಾರ್ಗಿ ಮಕ್ಕಳಿಗೆ ವೀಣೆ ಹೇಳಿಕೊಡತೊಡಗಿದಳು, ಸುಂದರೇಶ ಮದುವೆ ವಿಡಿಯೋ ತೆಗೆಯುವ ಸ್ಟುಡಿಯೋ ಇಟ್ಟ. ಭಾನುವಾರದ ಸಭೆ ನಿಂತರೂ ಸ್ನೇಹ ನಿಲ್ಲಲಿಲ್ಲ. ಯಾರದಾದರೂ ಮದುವೆಯಲ್ಲಿ ಎಲ್ಲರೂ ಸೇರಿದರೆ ಊಟದ ಪಂಕ್ತಿಯಲ್ಲೇ ಆ ಸಾಲು ಮೊಳಗುತ್ತಿತ್ತು. ತಾಯಿಗೆ ಹೇಳಿಬಿಡಬೇಕು ಎಂದು ಮೃತ್ಯುಂಜಯ ಎಷ್ಟು ಸಲ ನಿರ್ಧರಿಸಿದನೋ. ಹಬ್ಬ ಮುಗಿಯಲಿ, ಅವರ ಬಿ.ಪಿ. ಇಳಿಯಲಿ, ನನ್ನ ಮದುವೆಯಾಗಲಿ. ಮುಂದೂಡುವವನಿಗೆ ಪಂಚಾಂಗದ ಎಲ್ಲ ದಿನಗಳೂ ಅಡ್ಡಿಯೇ.

ಎರಡು ಸಾವಿರದ ಏಳರಲ್ಲಿ ಅವನಿಗೆ ಮಗಳು ಹುಟ್ಟಿದಳು. ನಾಮಕರಣಕ್ಕೆ ನೆಂಟರೆಲ್ಲ ಬಂದು, ಹೋಳಿಗೆ ಉಂಡು, ಹೇಮಶ್ರೀ ಎಂಬ ಹೆಸರನ್ನು ಮಗುವಿನ ಕಿವಿಯಲ್ಲಿ ಉಸುರಿ ಹೊರಟರು. ಹೆಂಡತಿ ಮಧುಶ್ರೀ ಒಳಗೆ ಮಲಗಿದಳು, ಶಿವಲಿಂಗಯ್ಯನವರು ಅಂಗಡಿಗೆ ಹೋದರು. ನಡುಮನೆಯಲ್ಲಿ ಉಳಿದದ್ದು ಮೂವರು ಗೆಳೆಯರು, ಹೂ ಕಟ್ಟಿದ ತೊಟ್ಟಿಲು, ಅದರ ಪಕ್ಕದಲ್ಲಿ ಹಗ್ಗ ಹಿಡಿದು ಕೂತ ಪಾರ್ವತಮ್ಮ.

ಸುಂದರೇಶ ಬ್ಯಾಗಿನಿಂದ ಒಂದು ಸಿ.ಡಿ.ಯನ್ನೂ ಒಂದು ಹಳೆಯ ಕ್ಯಾಸೆಟ್ಟನ್ನೂ ತೆಗೆದ. “ಮಗೂಗೆ ಉಂಗುರ ಗಿಂಗುರ ತರಲಿಲ್ಲ ಕಣೋ. ನಮ್ಮ ಶೋನ ಸಿ.ಡಿ. ಮಾಡಿಸ್ದೆ, ನನ್ನ ಸ್ಟುಡಿಯೋದಲ್ಲೇ. ಇದು ನಿನ್ನ ಒರಿಜಿನಲ್ಲು. ಇಷ್ಟು ವರ್ಷ ಜೋಪಾನ ಮಾಡಿದೀನಿ,” ಎಂದು ಎರಡನ್ನೂ ಮೃತ್ಯುಂಜಯನ ಕೈಗಿಟ್ಟ.

ಮೃತ್ಯುಂಜಯ ತೊಟ್ಟಿಲ ಕಡೆ ನೋಡಿದ. “ಮಗು ಮಲಗಿದೆ, ಆಮೇಲೆ ಕೇಳೋಣ,” ಅಂದ.

“ಏಳಲ್ಲ ಹಾಕಪ್ಪ,” ಅಂದರು ಪಾರ್ವತಮ್ಮ ತಮ್ಮ ಒಡೆದ ದನಿಯಲ್ಲಿ. “ಅದೇನು ಅಂಥಾ ಗಲಾಟೆ ಕೇಳ್ತಿದ್ರಿ ಅಂತ ನಾನೂ ಒಂದ್ಸಲ ಕೇಳ್ತೀನಿ.”

ಸುಂದರೇಶ ತಾನೇ ಎದ್ದು ಸಿ.ಡಿ. ಪ್ಲೇಯರಿಗೆ ಹಾಕಿದ. ಬರೀ ಕೊನೆಯ ಹಾಡು, ಅದೇ ಸಾಕು ಅಂದ. ಗಿಟಾರು ಮೊರೆಯತೊಡಗಿತು. ಗೆಳೆಯರ ಮುಖಗಳು ಒಮ್ಮೆಗೇ ಇಪ್ಪತ್ತರ ಹರೆಯಕ್ಕೆ ಹೋದವು. ಕರೆಂಟು ಹೋದಾಗ ಡ್ರಮ್ಮಿನವನು ಬಾರಿಸಿದ್ದನ್ನು ಪವಮಾನ ನೆನೆದ. ತನ್ನ ಹೆಗಲೇರಿದ ಅಪರಿಚಿತ ಹುಡುಗನೊಬ್ಬ ಶೋ ಮುಗಿದ ಮೇಲೆ ಥ್ಯಾಂಕ್ಸ್ ಹೇಳಿ ಇಳಿದದ್ದನ್ನು ಸುಂದರೇಶ ಅಭಿನಯಿಸಿ ತೋರಿಸಿದ. ಗಾರ್ಗಿ ನಕ್ಕಳು. ಪಾರ್ವತಮ್ಮನೂ ನಕ್ಕರು. ಮೃತ್ಯುಂಜಯನೊಬ್ಬ ಹಾಡು ಮುಗಿಯದಿರಲಿ ಎಂದು ಮನೆದೇವರಿಗೆ ಹರಕೆ ಹೊರುತ್ತಾ ಕೂತಿದ್ದ. ಕರೆಂಟು ಹೋಗಬಾರದೇ? ಬೇಡದ ಹೊತ್ತಿಗೆಲ್ಲ ಹೋಗುವ ಕರೆಂಟು ಅವತ್ತು ಕಂಬದಂತೆ ನಿಂತಿತ್ತು.

ಗಿಟಾರಿನ ನಡುವೆ, ಜನರ ಗದ್ದಲದಲ್ಲಿ ಯಾರೋ ಒಬ್ಬ ‘ಹೋ’ ಎಂದು ಕೂಗಿದ. ಪಾರ್ವತಮ್ಮ ತಟ್ಟನೆ ತಲೆ ಎತ್ತಿದರು.

“ಇದು ನೀನಲ್ವೇನೋ?”

“ಯಾವ್ದಮ್ಮ?”

“ಈಗ ಕೂಗ್ದಲ್ಲ. ನಿನ್ನ ದನೀನೇ ಅದು.”

“ಅಯ್ಯೋ, ಸಾವಿರಾರು ಜನ ಕೂಗ್ತಿದಾರಮ್ಮ,” ಸುಂದರೇಶ ಬೆರಗಾದ. “ಅದ್ರಲ್ಲಿ ಇವನದು ಅಂತ ಹೆಂಗೆ ಗೊತ್ತಾಯ್ತು?”

“ಗೊತ್ತಾಗಲ್ವೇನಪ್ಪ,” ಅಂದರು ಅವರು, ಹಗ್ಗ ಎಳೆಯುತ್ತಾ. ಅದೇನು ದೊಡ್ಡ ವಿಷಯವೆಂದು ಅವರಿಗೆ ಅನಿಸಲಿಲ್ಲ.

ಮೃತ್ಯುಂಜಯ ಎದ್ದ. ನಿಲ್ಲಿಸಿಬಿಡಬೇಕು ಎಂದು ಪ್ಲೇಯರಿನ ಕಡೆ ನಡೆದ. ಸುಂದರೇಶ ಅವನ ಕೈ ಹಿಡಿದು ಕೂರಿಸಿದ. “ಅಜ್ಜೀನ ಕೇಳ್ದೆ ಎಲ್ಲಿಗೋ?” ಗಿಟಾರು ನಿಂತಿತು. ಕೂಗು, ಶಿಳ್ಳೆ. ಟಕ್.

‘ಉರಿವ ಬೆಳಕು ನಿನ್ನದಯ್ಯಾ...’

ಸುಂದರೇಶ ಬೆರಳೆತ್ತಿ ನಿಂತು ‘ಶಿವನೇ’ ಎಂದು ಕಿರುಚಿದ, ಪವಮಾನ “ನಿನ್ನದಯ್ಯಾ!” ಅಂದ. ಅವರಿಬ್ಬರ ಗಂಟಲಿನ ಅಡಿಯಲ್ಲಿ ಆ ಇಳಿಯುವ ದನಿ ಮುಳುಗಿಹೋಯಿತು. ತೊಟ್ಟಿಲಿನ ಹಗ್ಗ ನಿಂತಿತು.

“ನಮ್ಮ ಬ್ಯಾಂಡಿನ ಅಜ್ಜಿ ಅಮ್ಮ ಇದು,” ಸುಂದರೇಶ ಪಾರ್ವತಮ್ಮನಿಗೆ ವಿವರಿಸಿದ, ಪಾಪ, ಪ್ರೀತಿಯಿಂದಲೇ. “ಯಾರು ಅಂತ ಗೊತ್ತಿಲ್ಲ. ನಿಮ್ಮ ಮಗ ಫುಟ್‌ಪಾತಲ್ಲಿ ತಗೊಂಡ ಕ್ಯಾಸೆಟ್ಟಲ್ಲಿ ಸಿಕ್ಕಿದ್ದು.”

“ಫುಟ್‌ಪಾತಲ್ಲಾ?”

“ಹೂಂ, ಸಂತೇಪೇಟೇಲಿ.”

ಪಾರ್ವತಮ್ಮ ಮಗನನ್ನು ನೋಡಿದರು. ಅವನು ನೆಲವನ್ನು ನೋಡಿದ. ಇನ್ನೇನು ಹೇಳಿಬಿಡುತ್ತಾರೆ ಎಂದು ಅವನಿಗೆ ಭಯ. ಹೇಳಲಿ ಎಂದೂ ಇತ್ತು.

“ಯಾರೋ ಪಾಪ,” ಅಂದರು ಪಾರ್ವತಮ್ಮ. ಆಮೇಲೆ, “ಕೊನೇದಷ್ಟೇ ಇನ್ನೊಂದು ಸಲ ಹಾಕ್ತೀಯಾ ಸುಂದರೇಶ? ನೀನು ಕೂಗಬೇಡ ಕಣಪ್ಪ,” ಎಂದು ಕೇಳಿದರು.

ಅವನು ಹಾಕಿದ. ಮುಗಿದಾಗ ಅವರು ಎದ್ದು, ಮೃತ್ಯುಂಜಯನ ಕೈಯಿಂದ ಕ್ಯಾಸೆಟ್ಟನ್ನು ತೆಗೆದುಕೊಂಡು, ಕಾಫಿ ಇಡುತ್ತೇನೆಂದು ಅಡುಗೆಮನೆಗೆ ಹೋದರು. ಅವನು ಹಿಂದೆಯೇ ಹೋದ. ಹೋಗದಿರಲು ಧೈರ್ಯ ಸಾಲಲಿಲ್ಲ.

ಪಾರ್ವತಮ್ಮ ಒಲೆ ಹಚ್ಚಿರಲಿಲ್ಲ. ಕಿಟಕಿಯ ಬೆಳಕಿಗೆ ಕ್ಯಾಸೆಟ್ಟನ್ನು ಹಿಡಿದು, ತಲೆಯ ಪಿನ್ನಿನಿಂದ ಅದರ ಬೆನ್ನಿನ ತೂತಿನಲ್ಲಿದ್ದ ಕಾಗದದ ಉಂಡೆಯನ್ನು ಕೆದಕುತ್ತಿದ್ದರು. ಹಳದಿಗಟ್ಟಿದ ಟಿಕೆಟ್ಟು ಈಚೆ ಬಂತು.

“ಚಿಕ್ಕಣ್ಣ ಮೊಳೇಲಿ ಮುರಿದಿದ್ದು ನನ್ನ ಕಣ್ಣೆದುರಿಗೇ. ಯಾರೂ ತುಂಬಕ್ಕಾಗಲ್ಲ ಅಂದಿದ್ದ,” ಅಂದರು. “ಕಿತ್ತೋಯ್ತು, ಬಿಸಾಕ್ದೆ ಅಂದಿದ್ದೆ ಅಲ್ವಾ ನೀನು?”

“ಅಮ್ಮಾ...”

“ಅಳಿಸಿದ್ದು ಹೋಗ್ಲಿ ಬುಡು. ಹುಡುಗು ಬುದ್ಧಿ, ಆಯ್ತು.” ಅವರು ಟಿಕೆಟ್ಟನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. “ಯಾರೋ ಅಂತ ಯಾಕಂದೆ? ನಾಳೆ ಆ ಮಗು ದೊಡ್ಡದಾಗಿ, ಇದು ಯಾರಪ್ಪ ಹಾಡ್ತಿರೋದು ಅಂತ ಕೇಳಿದ್ರೆ ಅದಕ್ಕೂ ಫುಟ್‌ಪಾತಿನ ಅಜ್ಜಿ ಅಂತೀಯಾ?”

ಮೃತ್ಯುಂಜಯ ಕ್ಷಮಿಸು ಎನ್ನಲು ಬಾಯಿ ತೆರೆದ. ನಡುಮನೆಯಿಂದ ಪವಮಾನ “ಕಾಫಿ ಬೇಡ ಅಮ್ಮಾ, ಹೊರಡ್ತೀವಿ” ಎಂದು ಕೂಗಿದ. ಪಾರ್ವತಮ್ಮ ಕಣ್ಣೊರೆಸಿಕೊಂಡು, ಕುಂಕುಮದ ಬಟ್ಟಲು ಹಿಡಿದು, ಗಾರ್ಗಿಗೆ ಅರ್ಶಿನ ಕುಂಕುಮ ಕೊಡಲು ಹೊರಟರು. ಈಗಲೇ ಹೇಳುತ್ತೇನೆ, ಗೇಟಿನ ಹತ್ತಿರ ಎಲ್ಲರನ್ನೂ ನಿಲ್ಲಿಸಿ ಹೇಳುತ್ತೇನೆ ಎಂದುಕೊಂಡು ಮೃತ್ಯುಂಜಯ ಟಿಕೆಟ್ಟನ್ನು ಮುಷ್ಟಿಯಲ್ಲಿ ಹಿಡಿದೇ ಅವರ ಹಿಂದೆ ನಡೆದ. ಈ ಸಲ ಅವನ ನಿರ್ಧಾರ ಸುಳ್ಳಲ್ಲ. ಅದು ನಿಜವಾಗಿಯೂ ನಾಲಿಗೆಯ ತುದಿಯವರೆಗೆ ಬಂದಿತ್ತು.

ಬೀದಿಯಲ್ಲಿ ಪವಮಾನ ಸ್ಕೂಟರು ಹತ್ತಿದ್ದ, ಗಾರ್ಗಿ ಕುಂಕುಮ ಇಟ್ಟುಕೊಂಡು ಬಂದು ಹಿಂದೆ ಕೂತಿದ್ದಳು. ಮೃತ್ಯುಂಜಯ ತಾಯಿಯನ್ನು ದಾಟಿ ಗೇಟಿಗೆ ಬಂದ. ಸುಂದರೇಶ ತನ್ನ ಬೈಕಿಗೆ ಕೀಲಿ ಹಾಕಿ, ಅಭ್ಯಾಸದಂತೆ ಬೆರಳೆತ್ತಿ ಶುರುಮಾಡಿದ, “ಉರಿವ ಬೆಳಕು ನಿನ್ನದಯ್ಯಾ... ಶಿವನೇ!”

ಇಷ್ಟು ವರ್ಷ ಅಭ್ಯಾಸವಾದ ಕೈ ಯಜಮಾನನನ್ನು ಕೇಳಲಿಲ್ಲ. ಮೃತ್ಯುಂಜಯನ ಮುಷ್ಟಿ ಮೇಲೆದ್ದಿತು, ಬಾಯಿ ತಾನಾಗಿ ತೆರೆದುಕೊಂಡಿತು. “ನಿನ್ನದಯ್ಯಾ!” ಎಂದು ಅವನೇ ಕೂಗಿದ, ಎಲ್ಲರಿಗಿಂತ ಜೋರಾಗಿ.

“ಹಂಗಲ್ಲ,” ಎಂದಿತು ಬೆನ್ನ ಹಿಂದಿನಿಂದ ಒಂದು ಒಡೆದ ದನಿ.

ಪಾರ್ವತಮ್ಮ ಹೊಸಿಲಲ್ಲಿ ನಿಂತಿದ್ದರು. ಮಗನ ಸುಳ್ಳನ್ನು ನುಂಗಿಕೊಂಡಿದ್ದವರಿಗೆ ಹಾಡಿನ ಈ ಗತಿಯನ್ನು ನುಂಗಲಾಗಲಿಲ್ಲ. “ಶಿವನೇ ಅಂತ ಹಂಗೆ ಕಿರುಚಬಾರದು ಕಣಪ್ಪ. ಅಲ್ಲಿ ಇಳೀಬೇಕು. ದೀಪ ಹಚ್ಚಿ ಕೈ ಮುಗಿದು ಹೇಳೋದದು,” ಎಂದು, ಬಟ್ಟಲು ಹಿಡಿದ ಕೈಯನ್ನು ಗಾಳಿಯಲ್ಲಿ ಮೆಲ್ಲಗೆ ಕೆಳಗಿಳಿಸುತ್ತಾ, ಉಸಿರು ಮಾತ್ರ ಬರುವ ಗಂಟಲಿನಿಂದ ಆ ಇಳಿತವನ್ನು ತೋರಿಸಿದರು. ಸ್ವರ ಬರಲಿಲ್ಲ. ಕೈ ಮಾತ್ರ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು.

ಗಾರ್ಗಿ ಸ್ಕೂಟರಿನಿಂದ ಇಳಿದಳು. ಅವಳಿಗೆ ಆ ಕೈ ಸಾಕಾಗಿತ್ತು.

“ಅಮ್ಮಾ, ಈ ಹಾಡು ನಿಮಗೆ ಬರುತ್ತಾ?”

ಪಾರ್ವತಮ್ಮ ಮಗನ ಕಡೆ ತಿರುಗಿದರು. ಗಾರ್ಗಿಯೂ ಅವನನ್ನು ನೋಡಿದಳು, ಪವಮಾನನೂ. ಸುಂದರೇಶನ ಬೆರಳುಗಳು ಒಂದೊಂದಾಗಿ ಮಡಿಸಿಕೊಂಡವು.

“ಆ ಅಜ್ಜಿ...” ಅಂದ ಮೃತ್ಯುಂಜಯ. “ನಮ್ಮಮ್ಮ ಕಣ್ರೋ.”

ಬೀದಿಯ ತುದಿಯಲ್ಲಿ ಬಾಳೆಹಣ್ಣಿನ ಗಾಡಿಯವನು ಕೂಗುತ್ತಾ ಹೋದ.

“ಅಜ್ಜಿ ಅಂತೆ,” ಅಂದರು ಪಾರ್ವತಮ್ಮ. “ಆವಾಗ ನಂಗೆ ನಲವತ್ತೆರಡು ವರ್ಷ.”

ಒಳಗೆ ಮಗು ಅಳತೊಡಗಿತು. ಅವರು ಬಟ್ಟಲನ್ನು ಹೊಸಿಲ ಪಕ್ಕದ ಕಟ್ಟೆಯ ಮೇಲಿಟ್ಟು ಒಳಗೆ ಹೋದರು. ಮೃತ್ಯುಂಜಯನ ಕೈ ಇನ್ನೂ ಮೇಲೆಯೇ ಇತ್ತು, ಮುಷ್ಟಿಯಲ್ಲಿ ಟಿಕೆಟ್ಟಿನ ಚೂರು. ಅದನ್ನು ಇಳಿಸಬೇಕೆಂದು ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.